ಒಂದು ಬಿಟ್ ಕೆಟ್ಟರೆ ಇಡೀ ಫೈಲ್ ಯಾಕೆ ಹೋಗುತ್ತದೆ? ಡೇಟಾಕ್ಕೆ ಒಡ್ಡು ಹಾಕುವ ಬಗೆ

"ಸ್ವಲ್ಪೇ ಸ್ವಲ್ಪ ಕೆಟ್ಟದ ರೀ, ಇಡೀ ಫೈಲೇ ಯಾಕ ಓಪನ್ ಆಗವಲ್ದು?"

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರು ಮಾತ್ರ ಬೇರೆ ಬೇರೆ. ಕಲಬುರಗಿ ಸೂಪರ್ ಮಾರ್ಕೆಟ್ ಕಡೆಯ ಸ್ಟುಡಿಯೋದವರಿಗೆ ಮದುವೆ ವಿಡಿಯೋ ಚಿಂತೆ. ತೊಗರಿ ಹೊಲದಲ್ಲಿ ಸೆನ್ಸರ್ ನಿಲ್ಲಿಸಿ ಪ್ರಾಜೆಕ್ಟ್ ಮಾಡುವ ಇಂಜಿನಿಯರಿಂಗ್ ಹುಡುಗರಿಗೆ ರೇಡಿಯೋದಲ್ಲಿ ಬರುವ ಅಂಕಿಗಳ ಚಿಂತೆ. ಬೀದರ್ ಕಡೆಯವರು ನಿಜಾಮರ ಕಾಲದ ಉರ್ದು ಜಮೀನು ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ ಒಂದೇ ಕಟ್ಟು ಕಟ್ಟಿಟ್ಟಿರುತ್ತಾರೆ, ಅದು ಬಿಚ್ಚುವುದಿಲ್ಲ. ಮೂರೂ ಕಡೆ ರೋಗ ಒಂದೇ. ಅದಕ್ಕೇ ಒಮ್ಮೆ ಕೂತು ಪೂರ್ತಿ ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ತಪ್ಪೇ ಆಗದಂತೆ ಮಾಡುವ ಉಪಾಯ ಇಲ್ಲಿಲ್ಲ. ಡೇಟಾ ಅಂದರೆ ಕೊನೆಗೆ 0 ಮತ್ತು 1ರ ಸಾಲು, ಅದರಲ್ಲಿ ಒಂದೊಂದೂ ಒಂದು ಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಪೆನ್‌ಡ್ರೈವ್ ಹಳೆಯದಾದಾಗ, ಕಾಪಿ ಆಗುವಾಗ ಕರೆಂಟ್ ಹೋದಾಗ, ಸಿಗ್ನಲ್‌ಗೆ ಮಿಂಚು ಅಡ್ಡ ಬಂದಾಗ ಎಲ್ಲೋ ಒಂದು ಬಿಟ್ ಮಗುಚುತ್ತದೆ. ಅದು ಆಗುವುದೇ. ಆದರೆ ಆ ಒಂದು ತಪ್ಪು ಎಷ್ಟು ದೂರ ಹಬ್ಬಬೇಕು ಅನ್ನುವುದು ಬಹುಪಾಲು ನಿಮ್ಮ ಕೈಯಲ್ಲಿದೆ. ಎರೆ ಹೊಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಯನ್ನು ನಿಲ್ಲಿಸೋಕೆ ಆಗುವುದಿಲ್ಲ, ಒಡ್ಡು ಹಾಕುತ್ತೇವೆ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಒಂದು ಕಂಪ್ಯೂಟರ್, ಎರಡು ಬೇರೆ ಬೇರೆ ಡ್ರೈವ್, ದುಡ್ಡು ಕೊಡಬೇಕಿಲ್ಲದ 7-ಜಿಪ್ ಮತ್ತು ಮಲ್ಟಿಪಾರ್ ಅನ್ನುವ ಎರಡು ತಂತ್ರಾಂಶ, ಒಂದು ಹೆಕ್ಸ್ ಎಡಿಟರ್. ಹೆಕ್ಸ್ ಎಡಿಟರ್ ಅಂದರೆ ಫೈಲನ್ನು ಬೈಟ್ ಬೈಟಾಗಿ ತೋರಿಸಿ ತಿದ್ದಲು ಬಿಡುವ ತಂತ್ರಾಂಶ. ಅದು ಕೊನೆಯ ಹಂತಕ್ಕೆ ಬೇಕು.

1. ಸರಪಳಿ ಎಲ್ಲಿದೆ ಹುಡುಕಿ

ಹಿಂದಿನದನ್ನು ನೋಡಿ ಮುಂದಿನದನ್ನು ಲೆಕ್ಕ ಹಾಕುವ ಕಡೆಯೆಲ್ಲ ತಪ್ಪು ಹಬ್ಬುತ್ತದೆ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಿ. ಮೇ ತಿಂಗಳು, ಹೊಲದ ಸೆನ್ಸರ್ ಗಂಟೆಗೊಮ್ಮೆ ತಾಪಮಾನ ಕಳಿಸುತ್ತಿದೆ:

33, 35, 37, 39, 40, 41

ಜಾಗ ಉಳಿಸಲು ನೀವು ಮೊದಲ ಅಂಕಿ ಮಾತ್ರ ಪೂರ್ತಿ ಕಳಿಸಿ, ಆಮೇಲೆ ಬರೀ ವ್ಯತ್ಯಾಸ ಕಳಿಸುತ್ತೀರಿ. ಇದಕ್ಕೆ ಡೆಲ್ಟಾ ಕೋಡಿಂಗ್ ಅಂತಾರೆ:

33, +2, +2, +2, +1, +1

ಮೂರನೆಯ ವ್ಯತ್ಯಾಸ 2. ಬಿಟ್‌ಗಳಲ್ಲಿ ಅದು 00000010. ದಾರಿಯಲ್ಲಿ ಒಂದೇ ಒಂದು ಬಿಟ್ ಮಗುಚಿ 00010010 ಆಯಿತು ಅಂದುಕೊಳ್ಳಿ. ಅದು 18. ನಿಮಗೆ ಸಿಗುವ ಸಾಲು 33, 35, 37, 55, 56, 57. ಆ ಒಂದು ಬಿಟ್ಟಿನಿಂದಾಗಿ ಮುಂದಿನ ಎಲ್ಲ ಅಂಕಿಯೂ ಸುಳ್ಳು.

55 ಬಂದರೆ ಗೊತ್ತಾಗುತ್ತದೆ ಬಿಡಿ, ನಮ್ಮ ಬಿಸಿಲು ಎಷ್ಟೇ ಜೋರಿದ್ದರೂ ಅಲ್ಲಿಗೆ ಹೋಗುವುದಿಲ್ಲ. ನನಗೆ ಹೆದರಿಕೆ ಇನ್ನೊಂದು ಬಗೆಯ ತಪ್ಪಿನದು. ಅದೇ 2 ಮಗುಚಿ 00000011, ಅಂದರೆ 3 ಆದರೆ? ಸಾಲು 33, 35, 37, 40, 41, 42 ಆಗುತ್ತದೆ. ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಪ್ರಾಜೆಕ್ಟ್ ವರದಿಯಲ್ಲಿ ಅದೇ ಅಚ್ಚಾಗುತ್ತದೆ.

ಈಗ ಇದಕ್ಕೆ ಉಲ್ಟಾ, ಹಬ್ಬದಂತೆ ಕಟ್ಟಿದ ಕೋಡ್ ಒಂದನ್ನು ನೋಡಿ. ನೀವು ಓದುತ್ತಿರುವ ಕನ್ನಡವೇ ಉದಾಹರಣೆ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ, ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಗುಣಿತದ ಗುರುತು ಮೂರು ಬೈಟ್ ಹಿಡಿಯುತ್ತದೆ. 'ಕ' ಹೀಗಿರುತ್ತದೆ:

11100000 10110010 10010101

ಮೊದಲ ಬೈಟ್ ಶುರುವಾಗುವುದು 1110 ಇಂದ. ಮುಂದಿನ ಎರಡೂ 10 ಇಂದ. ಹಾಗಾಗಿ ನಡುವೆ ಒಂದು ಬೈಟ್ ಕಳೆದುಹೋದರೂ, ಓದುವ ಯಂತ್ರ 10 ಇಂದ ಶುರುವಾಗುವ ಬಾಲಗಳನ್ನು ಬಿಟ್ಟು ಮುಂದಿನ 1110 ಹುಡುಕಿಕೊಳ್ಳುತ್ತದೆ. 'ಕಲಬುರಗಿ' ಅಂತ ಬರೆಯಲು 21 ಬೈಟ್ ಬೇಕು. ಅದರಲ್ಲಿ ಒಂದು ಬೈಟ್ ಕಳೆದರೆ ಹೋಗುವುದು ಒಂದು ಅಕ್ಷರ ಅಥವಾ ಒಂದು ಕೊಂಬು ಮಾತ್ರ. ಎರಡೆರಡು ಬೈಟ್ ಜೋಡಿ ಮಾಡಿ ಓದುವ ಯುಟಿಎಫ್-16ರಲ್ಲಿ ಒಂದು ಬೈಟ್ ಕಳೆದರೆ ಅಲ್ಲಿಂದ ಮುಂದಿನ ಜೋಡಿಗಳೆಲ್ಲ ತಪ್ಪಿ ಹೋಗುತ್ತವೆ, ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿದ ಹಾಗೆ.

ಇಲ್ಲಿ ಒಂದು ಮಾತು ನೆನಪಿಡಿ: ಬಿಟ್ ಬದಲಾಗುವುದು ಬೇರೆ, ಕಳೆದುಹೋಗುವುದು ಬೇರೆ. ಕಳೆದುಹೋದರೆ ಲೆಕ್ಕವೇ ತಪ್ಪುತ್ತದೆ, ಹಾನಿ ಜಾಸ್ತಿ.

ನಿಮ್ಮ ಫೈಲ್‌ಗಳಲ್ಲಿ ಸರಪಳಿ ಸಾಮಾನ್ಯವಾಗಿ ಇರುವ ಜಾಗಗಳು ಮೂರು. ಕಂಪ್ರೆಸ್ ಮಾಡಿದ, ಅಂದರೆ ಹಿಂಡಿ ಸಣ್ಣದು ಮಾಡಿದ ಫೈಲ್‌ಗಳು ಒಂದು. ಜಿಪ್‌ನ ಒಳಗಿನ ಡಿಫ್ಲೇಟ್ ಪದ್ಧತಿ "32 ಕೆಬಿ ಹಿಂದೆ ಹೋಗಿ ಅಲ್ಲಿದ್ದದ್ದನ್ನೇ ಬರಿ" ಅನ್ನುವಂಥ ಸೂಚನೆ ಕೊಡುತ್ತದೆ. ಹಿಂದಿನದು ತಪ್ಪಿದ್ದರೆ ಮುಂದಿನದೂ ತಪ್ಪು. ವಿಡಿಯೋ ಎರಡನೆಯದು, ಅಲ್ಲಿ ಹೆಚ್ಚಿನ ಫ್ರೇಮ್‌ಗಳು ಬೇರೆ ಫ್ರೇಮ್‌ನ ಮೇಲೆ ನಿಂತಿರುತ್ತವೆ. ಗುಟ್ಟುಲಿಪಿ ಅಂದರೆ ಎನ್‌ಕ್ರಿಪ್ಷನ್ ಮೂರನೆಯದು.

2. ಸರಪಳಿ ತುಂಡು ಮಾಡಿ

ಸೆನ್ಸರ್ ಹುಡುಗರಿಗೆ ಉತ್ತರ ಸುಲಭ. ಪ್ರತಿ ಹನ್ನೆರಡು ಓದಿಗೆ ಒಮ್ಮೆ ಪೂರ್ತಿ ಅಂಕಿ ಕಳಿಸಿ. ತಪ್ಪು ಬಂದರೂ ಅಲ್ಲಿಗೆ ನಿಲ್ಲುತ್ತದೆ.

ಸ್ಟುಡಿಯೋದವರು ಎಕ್ಸ್‌ಪೋರ್ಟ್ ಮಾಡುವಾಗ ಕೀಫ್ರೇಮ್ ಅಂತರ ನೋಡಿ. ಕೀಫ್ರೇಮ್ ಅಂದರೆ ಬೇರೆ ಯಾವುದರ ಹಂಗೂ ಇಲ್ಲದ ಪೂರ್ಣ ಚಿತ್ರ. ಸೆಕೆಂಡಿಗೆ 25 ಫ್ರೇಮ್‌ನ ವಿಡಿಯೋದಲ್ಲಿ ಅದನ್ನು 50ಕ್ಕೆ ಇಟ್ಟರೆ ಎರಡು ಸೆಕೆಂಡಿಗೊಂದು ಬರುತ್ತದೆ. ಒಂದು ಕಡೆ ಕೆಟ್ಟರೆ ಹೆಚ್ಚುಕಡಿಮೆ ಎರಡು ಸೆಕೆಂಡ್ ಚೌಕ ಚೌಕವಾಗಿ ಕಾಣುತ್ತದೆ, ಆಮೇಲೆ ಅಕ್ಷತೆ ಸರಿಯಾಗಿ ಬೀಳುತ್ತದೆ. ಫೈಲ್ ಸ್ವಲ್ಪ ದೊಡ್ಡದಾಗುತ್ತದೆ, ಆಗಲಿ. ರೆಕಾರ್ಡಿಂಗ್ ನಡುವೆ ಕರೆಂಟ್ ಹೋಗುವ ಭಯ ಇದ್ದರೆ ಎಂಪಿ4 ಬದಲು ಎಂಕೆವಿ ಆರಿಸಿ. ಸಾಮಾನ್ಯ ಎಂಪಿ4ರ ಪರಿವಿಡಿ ಬರೆಯುವುದು ರೆಕಾರ್ಡಿಂಗ್ ಮುಗಿದ ಮೇಲೆ. ಅದು ಬರೆಯದೆ ಹೋದರೆ ಒಳಗೆ ಎಲ್ಲ ಇದ್ದೂ ಫೈಲ್ ತೆರೆಯುವುದಿಲ್ಲ.

ಸ್ಕ್ಯಾನ್ ಮಾಡಿದ ಕಾಗದಗಳ ವಿಷಯದಲ್ಲಿ ಜನ ಜಾಸ್ತಿ ಎಡವುತ್ತಾರೆ. ನಾನೂ ಎಡವಿದ್ದೇನೆ: ಮುನ್ನೂರು ಪುಟ ಒಂದೇ ಕಟ್ಟಾಗಿ ಕಟ್ಟಿ, ನಲವತ್ತನೆಯ ಪುಟದ ಹತ್ತಿರ ಕೆಟ್ಟು, ಉಳಿದ ಇನ್ನೂರ ಅರವತ್ತೂ ಹೋದವು. ಕಾರಣ 7-ಜಿಪ್‌ನ ತನ್ನದೇ 7ಜಡ್ ರೂಪ. ಅದು ಮೊದಲಿಂದಲೇ 'ಸಾಲಿಡ್' ಆಗಿರುತ್ತದೆ, ಅಂದರೆ ಎಷ್ಟೋ ಫೈಲ್‌ಗಳನ್ನು ಒಂದೇ ಸರಪಳಿಯಾಗಿ ಹೊಸೆಯುತ್ತದೆ. ಹೀಗೆ ಮಾಡಿ:

ಪುಟಕ್ಕೊಂದು ಫೈಲ್ ಇಡಿ. ಕಟ್ಟಲೇಬೇಕಾದರೆ ಜಿಪ್ ರೂಪ ಆರಿಸಿ, ಅದು ಪ್ರತಿ ಫೈಲನ್ನೂ ಬೇರೆಯಾಗಿ ಕಂಪ್ರೆಸ್ ಮಾಡುತ್ತದೆ. 7ಜಡ್ಡೇ ಬೇಕು ಅಂದರೆ 'ಸಾಲಿಡ್ ಬ್ಲಾಕ್ ಸೈಜ್' ಅನ್ನುವ ಕಡೆ 'ನಾನ್-ಸಾಲಿಡ್' ಹಾಕಿ. ಜೆಪೆಗ್ ಚಿತ್ರಗಳು ಮೊದಲೇ ಕಂಪ್ರೆಸ್ ಆಗಿರುತ್ತವೆ. ಮತ್ತೆ ಹಿಂಡಿದರೆ ಸಿಗುವುದು ಚೂರೇ, ಸರಪಳಿ ಮಾತ್ರ ಇನ್ನೊಂದು ಸೇರುತ್ತದೆ. ಅಲ್ಲಿ ಕಂಪ್ರೆಷನ್ ಲೆವೆಲ್ 'ಸ್ಟೋರ್' ಇಡಿ.

3. ಪ್ರತಿ ತುಂಡಿಗೂ ಬೆರಳಚ್ಚು

ತುಂಡು ಮಾಡಿದ್ದಾಯಿತು. ಯಾವ ತುಂಡು ಕೆಟ್ಟಿದೆ ಅಂತ ಗೊತ್ತಾಗಬೇಕಲ್ವಾ? ಅದಕ್ಕೆ ಚೆಕ್‌ಸಮ್. ಡೇಟಾವನ್ನು ಲೆಕ್ಕಕ್ಕೆ ಹಾಕಿ ತೆಗೆದ ಒಂದು ಸಣ್ಣ ಅಂಕಿ ಅದು. ಡೇಟಾ ಬದಲಾದರೆ ಅಂಕಿ ತಾಳೆಯಾಗುವುದಿಲ್ಲ.

ನೀವು ಇದನ್ನು ದಿನಾ ಬಳಸುತ್ತೀರಿ. ಆಧಾರ್ ಸಂಖ್ಯೆಯ ಹನ್ನೆರಡನೆಯ ಅಂಕಿ ಇಂಥದ್ದೇ. ವರ್‌ಹೂಫ್ ಅನ್ನುವ ಪದ್ಧತಿಯದು. ಒಂದು ಅಂಕಿ ತಪ್ಪು ಬರೆದರೂ, ಅಕ್ಕಪಕ್ಕದ ಎರಡು ಅದಲುಬದಲಾದರೂ ಹಿಡಿಯುತ್ತದೆ. ದಾಲ್ ಮಿಲ್‌ನವರ ಜಿಎಸ್‌ಟಿ ಸಂಖ್ಯೆಯ ಹದಿನೈದನೆಯ ಅಕ್ಷರವೂ ಅದೇ ಕೆಲಸದ್ದು.

ಫೈಲ್‌ಗಳಿಗೆ ಎಸ್‌ಎಚ್‌ಎ-256 ಅನ್ನುವ ಚೆಕ್‌ಸಮ್ ಸಾಕು. 7-ಜಿಪ್ ಹಾಕಿದ ಮೇಲೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಆರ್‌ಸಿ ಎಸ್‌ಎಚ್‌ಎ ಅನ್ನುವ ಪಟ್ಟಿ ಸಿಗುತ್ತದೆ. ಬಂದ ಉತ್ತರವನ್ನು ಒಂದು ಪಠ್ಯ ಫೈಲ್‌ನಲ್ಲಿ ಉಳಿಸಿ. ರೇಡಿಯೋ ಪ್ಯಾಕೆಟ್‌ಗೆ, ಅಂದರೆ ಒಮ್ಮೆಗೆ ಕಳಿಸುವ ಡೇಟಾ ತುಂಡಿಗೆ, ಸಿಆರ್‌ಸಿ ಹಾಕಿ. ಅದು ಭಾಗಾಕಾರದ ಶೇಷದ ಮೇಲೆ ನಿಂತ ಚೆಕ್‌ಸಮ್. ಸಿಆರ್‌ಸಿ-32 ಒಂದೇ ಕಡೆ ಸಾಲಾಗಿ ಬಿದ್ದ 32 ಬಿಟ್‌ವರೆಗಿನ ಯಾವ ಪೆಟ್ಟನ್ನೂ ತಪ್ಪದೆ ಹಿಡಿಯುತ್ತದೆ.

ಎಚ್ಚರ: ಮುನ್ನೂರು ಪುಟಕ್ಕೆ ಒಂದೇ ಚೆಕ್‌ಸಮ್ ತೆಗೆದರೆ "ಎಲ್ಲೋ ಕೆಟ್ಟಿದೆ" ಅಂತಷ್ಟೇ ತಿಳಿಯುತ್ತದೆ. ಪುಟಕ್ಕೊಂದು ತೆಗೆಯಿರಿ.

4. ರಿಪೇರಿ ಸಾಮಾನು ಜೊತೆಗಿಡಿ

ಚೆಕ್‌ಸಮ್ ತೋರಿಸುತ್ತದೆ, ತಿದ್ದುವುದಿಲ್ಲ. ತಿದ್ದಲು ಬೇರೆ ಕೋಡ್ ಬೇಕು. 1950ರಲ್ಲಿ ರಿಚರ್ಡ್ ಹ್ಯಾಮಿಂಗ್ ಪ್ರಕಟಿಸಿದ ಕೋಡ್ ನಾಲ್ಕು ಬಿಟ್ ಡೇಟಾಕ್ಕೆ ಮೂರು ಕಾವಲು ಬಿಟ್ ಸೇರಿಸುತ್ತದೆ. ಏಳರಲ್ಲಿ ಯಾವುದೇ ಒಂದು ಮಗುಚಿದರೂ ಯಾವುದು ಅಂತ ಕಂಡುಹಿಡಿದು ಸರಿಮಾಡುತ್ತದೆ. ಸೊಗಸಾದ ಕೆಲಸ. ಆದರೆ ಎರಡು ಮಗುಚಿದರೆ ಏನಾಗುತ್ತದೆ ಗೊತ್ತಾ?

1011 ಅನ್ನುವ ಡೇಟಾದ ಕೋಡ್ 0110011. ಇದರಲ್ಲಿ 3 ಮತ್ತು 5ನೆಯ ಬಿಟ್ ಮಗುಚಲಿ. ಬಂದದ್ದು 0100111. ತಿದ್ದುವ ಲೆಕ್ಕ "ತಪ್ಪಿರುವುದು 6ನೆಯದು" ಅನ್ನುತ್ತದೆ, ಸರಿಯಿದ್ದ ಅದನ್ನೂ ಮಗುಚಿ 0100101 ಮಾಡುತ್ತದೆ. ಅದರಿಂದ ತೆಗೆದ ಡೇಟಾ 0101. ಎರಡಿದ್ದ ತಪ್ಪು ಮೂರಾಯಿತು, ಜೊತೆಗೆ "ಸರಿಮಾಡಿದ್ದೇನೆ" ಅನ್ನುವ ಭರವಸೆ ಬೇರೆ! ಪ್ರಾಜೆಕ್ಟ್‌ನಲ್ಲಿ ಹ್ಯಾಮಿಂಗ್ ಬಳಸುವವರು ಎಂಟನೆಯದಾಗಿ ಒಂದು ಒಟ್ಟು ಪ್ಯಾರಿಟಿ ಬಿಟ್ ಸೇರಿಸಲೇಬೇಕು. ಪ್ಯಾರಿಟಿ ಅಂದರೆ 1ಗಳ ಸಂಖ್ಯೆ ಸರಿಯೋ ಬೆಸವೋ ಅನ್ನುವ ಗುರುತು. ಆಗ ಎರಡು ತಪ್ಪಾದರೆ ಯಂತ್ರ ತಿದ್ದಲು ಹೋಗದೆ "ನನ್ನಿಂದ ಆಗದು" ಅನ್ನುತ್ತದೆ. ಅದೇ ಬೇಕಾಗಿರುವುದು.

ಫೈಲ್‌ಗಳಿಗೆ ಬೇಕಾದದ್ದು ರೀಡ್ ಮತ್ತು ಸೊಲೊಮನ್ 1960ರಲ್ಲಿ ಕೊಟ್ಟ ಕೋಡ್. ಸಿಡಿ, ಕ್ಯೂಆರ್ ಕೋಡ್ ಎರಡರಲ್ಲೂ ಇರುವುದು ಅದೇ. ಅದಕ್ಕೇ ಚಹಾ ಅಂಗಡಿಯ ಕ್ಯೂಆರ್ ಚೀಟಿಯ ಮೇಲೆ ಸ್ವಲ್ಪ ಚಹಾ ಚೆಲ್ಲಿದ್ದರೂ ಸ್ಕ್ಯಾನ್ ಆಗುತ್ತದೆ. ಅದರ ಅತಿ ಗಟ್ಟಿ ಮಟ್ಟ ಸುಮಾರು 30% ಹಾನಿ ತಡೆಯುತ್ತದೆ.

ಮಲ್ಟಿಪಾರ್ ಈ ಕೋಡನ್ನು ನಿಮ್ಮ ಫೋಲ್ಡರ್‌ಗೆ ಹಾಕಿಕೊಡುತ್ತದೆ. ಫೈಲ್‌ಗಳನ್ನು ಸೇರಿಸಿ, ರಿಡಂಡೆನ್ಸಿ, ಅಂದರೆ ಹೆಚ್ಚುವರಿ ಪಾಲು, 10% ಇಟ್ಟು ಕ್ರಿಯೇಟ್ ಒತ್ತಿ. ಪಾರ್2 ಅನ್ನುವ ಬಾಲದ ಫೈಲ್‌ಗಳು ಹುಟ್ಟುತ್ತವೆ. ನಿಮ್ಮ ಮೂಲ ಫೈಲ್‌ಗಳನ್ನು ಅದು ಮುಟ್ಟುವುದಿಲ್ಲ.

ಒತ್ತುವ ಮುಂಚೆ ಬ್ಲಾಕ್‌ಗಳ, ಅಂದರೆ ಡೇಟಾವನ್ನು ಅದು ಕತ್ತರಿಸುವ ತುಂಡುಗಳ, ಸಂಖ್ಯೆ ನೋಡಿ. ತುಂಬಾ ಜನ ಇಲ್ಲೇ ಮೋಸ ಹೋಗುವುದು. 2 ಜಿಬಿ ಸ್ಕ್ಯಾನ್ ಇದೆ ಅಂದುಕೊಳ್ಳಿ. 2000 ಬ್ಲಾಕ್ ಮಾಡಿದರೆ ಒಂದೊಂದು 1 ಎಂಬಿ, ರಿಪೇರಿಗೆ 200 ಬ್ಲಾಕ್ ಸಿಗುತ್ತದೆ. ಎಲ್ಲೇ ಕೆಡಲಿ, 200 ಬ್ಲಾಕ್‌ವರೆಗೆ ಮರಳಿ ಬರುತ್ತವೆ. ಅದನ್ನೇ 20 ಬ್ಲಾಕ್ ಮಾಡಿದರೆ ಒಂದೊಂದು 100 ಎಂಬಿ, ರಿಪೇರಿಗೆ ಎರಡೇ. ಈಗ ಮೂರು ಬೇರೆ ಬೇರೆ ಬ್ಲಾಕ್‌ನಲ್ಲಿ ಒಂದೊಂದು ಬೈಟ್ ಕೆಟ್ಟರೆ ಸಾಕು, ಕಥೆ ಮುಗಿಯಿತು. ಎರಡಕ್ಕೂ ಖರ್ಚಾದ ಜಾಗ ಅದೇ 200 ಎಂಬಿ! ಬ್ಲಾಕ್ ಸಣ್ಣದಿದ್ದಷ್ಟೂ ಒಡ್ಡು ಹತ್ತಿರ ಹತ್ತಿರ.

ಮೂರನೆಯ ಹಂತಕ್ಕೂ ಇದಕ್ಕೂ ನಂಟಿದೆ. ರೀಡ್ ಸೊಲೊಮನ್ ಕೋಡಿಗೆ "ತಪ್ಪು ಎಲ್ಲಿದೆ" ಅಂತ ಮೊದಲೇ ಹೇಳಿದರೆ, ಹೇಳದೆ ಇದ್ದಾಗಿನ ಎರಡರಷ್ಟು ತಪ್ಪು ಸರಿಮಾಡುತ್ತದೆ. ಪಾರ್2 ಪ್ರತಿ ಬ್ಲಾಕಿಗೂ ಚೆಕ್‌ಸಮ್ ಇಟ್ಟುಕೊಳ್ಳುವುದು ಆ ಕಾರಣಕ್ಕೇ.

5. ಯಾವುದು ಒಳಗೆ, ಯಾವುದು ಹೊರಗೆ

ಕ್ರಮ ಹೀಗೆ: ಮೊದಲು ಕಂಪ್ರೆಸ್, ಆಮೇಲೆ ಎನ್‌ಕ್ರಿಪ್ಟ್, ಎಲ್ಲಕ್ಕಿಂತ ಹೊರಗೆ ಪಾರ್2.

ಪಾರ್2 ಫೈಲ್‌ಗಳನ್ನೂ ಸೇರಿಸಿ ಎಲ್ಲವನ್ನೂ ಒಂದು ಪಾಸ್‌ವರ್ಡ್ ಕಟ್ಟಿನೊಳಗೆ ಹಾಕುವವರಿದ್ದಾರೆ. ಔಷಧಿ ಪೆಟ್ಟಿಗೆಯನ್ನು ಮನೆಯೊಳಗಿಟ್ಟು ಬೀಗದ ಕೈ ಕಳೆದುಕೊಂಡ ಹಾಗೆ. ಹೊರಗಿನ ಕಟ್ಟು ಕೆಟ್ಟರೆ ಒಳಗಿನ ರಿಪೇರಿ ಸಾಮಾನು ಕೈಗೆ ಸಿಗುವುದಿಲ್ಲ. ಎನ್‌ಕ್ರಿಪ್ಷನ್ ತಾನೇ ತಪ್ಪನ್ನು ಹಿಗ್ಗಿಸುತ್ತದೆ ಅನ್ನುವುದೂ ಇದೆ. ಎಇಎಸ್ ಅನ್ನುವ ಗುಟ್ಟುಲಿಪಿ ಪದ್ಧತಿಯನ್ನು ಸಿಬಿಸಿ ಅನ್ನುವ ಬಗೆಯಲ್ಲಿ ಬಳಸಿದಾಗ ಒಂದು ಬಿಟ್ ಮಗುಚಿದರೆ ಆ 16 ಬೈಟಿನ ಬ್ಲಾಕ್ ಪೂರ್ತಿ ಕಲಸಿಹೋಗಿ, ಮುಂದಿನ ಬ್ಲಾಕ್‌ನಲ್ಲಿ ಒಂದು ಬಿಟ್ ಕೆಡುತ್ತದೆ. ತಿದ್ದುವ ಕೆಲಸ ಗುಟ್ಟುಲಿಪಿ ಬಿಚ್ಚುವುದಕ್ಕಿಂತ ಮುಂಚೆ, ತಪ್ಪು ಇನ್ನೂ ಒಂದೇ ಬಿಟ್ ಇರುವಾಗಲೇ ಆಗಬೇಕು.

ಹಾರ್ಡ್‌ಡಿಸ್ಕ್ ಮಾಡುವವರೂ ಇದೇ ಪಾಠ ಕಲಿತಿದ್ದಾರೆ. ಡಿಸ್ಕ್ ಮೇಲೆ ಬರೆಯುವಾಗ 0 ಮತ್ತು 1ರ ಸಾಲನ್ನು ಕಾಂತಕ್ಕೆ ಒಗ್ಗುವಂತೆ ಬದಲಿಸುವ ಮಾಡ್ಯುಲೇಷನ್ ಕೋಡ್ ಒಂದಿದೆ. ಮೊದಲೆಲ್ಲ ತಿದ್ದುವ ಕೋಡ್ ಒಳಗೆ, ಇದು ಹೊರಗೆ ಇರುತ್ತಿತ್ತು. ಓದುವಾಗ ಮಾಡ್ಯುಲೇಷನ್ ಬಿಚ್ಚುವಷ್ಟರಲ್ಲೇ ಒಂದು ತಪ್ಪು ಹಲವಾಗಿ, ಆಮೇಲೆ ತಿದ್ದುವವನ ಕೈಗೆ ಬರುತ್ತಿತ್ತು. ಆ ಕ್ರಮವನ್ನೇ ತಿರುವಿ ಹಾಕಿದ ಪದ್ಧತಿಗೆ ರಿವರ್ಸ್ ಕಾನ್‌ಕ್ಯಾಟಿನೇಷನ್ ಅಂತ ಹೆಸರು. ಸಿಡಿಯವರು ಬೇರೆ ದಾರಿ ಹಿಡಿದರು. ಅಲ್ಲಿ 8 ಬಿಟ್‌ಗೆ 14 ಬಿಟ್‌ನ ಒಂದು ಗುರುತು. ಗುರುತು ಕೆಟ್ಟರೆ ಕೆಡುವುದು ಆ ಒಂದು ಬೈಟ್ ಅಷ್ಟೇ, ಪಕ್ಕದ್ದಕ್ಕೆ ಹಬ್ಬುವುದಿಲ್ಲ.

6. ಗಾಳಿಯಲ್ಲಿ ಕಳಿಸುವವರಿಗೆ

ಬರೀ ಫೈಲ್ ಇಟ್ಟುಕೊಳ್ಳುವವರು ಈ ಹಂತ ಬಿಡಬಹುದು. ಆದರೂ ಇಲ್ಲಿರುವ ಆಟ ಚೆನ್ನಾಗಿದೆ, ನೋಡಿ.

ರೇಡಿಯೋದಲ್ಲಿ ತಪ್ಪುಗಳು ಸಾಲಾಗಿ ಬರುತ್ತವೆ, ಮಿಂಚಿದಷ್ಟು ಹೊತ್ತು ಎಲ್ಲವೂ ಹೋಗುತ್ತದೆ. ಅದಕ್ಕೆ ಇಂಟರ್‌ಲೀವಿಂಗ್ ಮಾಡುತ್ತಾರೆ, ಅಂದರೆ ಕಳಿಸುವ ಮುಂಚೆ ಕಲಸುವುದು. ನಾಲ್ಕು ಊರು ಬರೆಯಿರಿ:

ಯಾ ದ ಗಿ ರಿ
ಶ ಹಾ ಪು ರ
ಸು ರ ಪು ರ
ಚಿ ತ್ತಾ ಪು ರ

ಹಾಗೇ ಸಾಲಾಗಿ ಕಳಿಸಿ, ನಡುವೆ ನಾಲ್ಕು ಅಕ್ಷರ ಹೋದರೆ ಶಹಾಪುರವೇ ನಕಾಶೆಯಿಂದ ಮಾಯವಾಗಬಹುದು. ಈಗ ಮೇಲಿಂದ ಕೆಳಗೆ ಓದಿ ಕಳಿಸಿ: ಯಾ ಶ ಸು ಚಿ, ದ ಹಾ ರ ತ್ತಾ, ಗಿ ಪು ಪು ಪು, ರಿ ರ ರ ರ. ಮೂರನೆಯ ಗುಂಪು ಪೂರ್ತಿ ಹೋಯಿತು ಅನ್ನಿ. ಮತ್ತೆ ಜೋಡಿಸಿದರೆ ಯಾದ_ರಿ, ಶಹಾ_ರ, ಸುರ_ರ, ಚಿತ್ತಾ_ರ. ನಮ್ಮ ಕಡೆಯ ಯಾವ ಹುಡುಗನೂ ಇದನ್ನು ತುಂಬಿಕೊಳ್ಳುತ್ತಾನೆ, ತಿದ್ದುವ ಕೋಡಿಗೂ ಅಷ್ಟೇ ಸಲೀಸು. ಡಿವಿಬಿ-ಎಸ್ ಪದ್ಧತಿಯ ಡಿಟಿಎಚ್‌ನಲ್ಲಿ 188 ಬೈಟಿನ ಪ್ರತಿ ಪ್ಯಾಕೆಟ್‌ಗೆ 16 ಕಾವಲು ಬೈಟ್ ಸೇರಿಸಿ, 12 ಸಾಲಿನ ಆಳಕ್ಕೆ ಹೀಗೆ ಕಲಸುತ್ತಾರೆ. ಪ್ಯಾಕೆಟ್‌ಗೆ 8 ಬೈಟ್ ತಪ್ಪಾದರೂ ಟಿವಿ ಸುಮ್ನೆ ನಡೆಯುತ್ತದೆ. ಮಳೆ ಅದಕ್ಕಿಂತ ಜೋರಾದಾಗ ಚೌಕಗಳು ಶುರು.

ನೀವು ಮಾಡಬೇಕಾದದ್ದು: ಪ್ಯಾಕೆಟ್ ಸಣ್ಣದಿಡಿ, ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಮತ್ತು ಸಿಆರ್‌ಸಿ ಹಾಕಿ, ಒಂದು ಪ್ಯಾಕೆಟ್ ಅರ್ಥವಾಗಲು ಇನ್ನೊಂದು ಬೇಕು ಅನ್ನುವಂತೆ ಮಾಡಬೇಡಿ. ದೂರಕ್ಕೆ ಕಳಿಸುವ ಲೋರಾ ರೇಡಿಯೋ ಮಾಡ್ಯೂಲ್ ಇದ್ದರೆ ಕೋಡಿಂಗ್ ರೇಟ್, ಅಂದರೆ ಕಳಿಸುವ ಬಿಟ್‌ಗಳಲ್ಲಿ ಡೇಟಾದ ಪಾಲು, 4/5 ರಿಂದ 4/8 ವರೆಗೆ ಸಿಗುತ್ತದೆ. ಹೆಚ್ಚಿನವರು ಮೊದಲಿಂದ ಇದ್ದ 4/5ರಲ್ಲೇ ಬಿಟ್ಟಿರುತ್ತಾರೆ. ಅದು ತಪ್ಪನ್ನು ಗುರುತಿಸಬಲ್ಲದು, ತಿದ್ದುವುದಿಲ್ಲ. ದೂರದ ಹೊಲಕ್ಕೆ 4/8 ಇಟ್ಟು ನೋಡಿ. ಕಳಿಸುವ ಹೊತ್ತು ಜಾಸ್ತಿ ಆಗುತ್ತದೆ, ಬ್ಯಾಟರಿ ಲೆಕ್ಕ ಹಾಕಿಕೊಳ್ಳಿ.

7. ಬೇಕಂತಲೇ ಕೆಡಿಸಿ ನೋಡಿ

ಇದನ್ನು ಯಾರೂ ಮಾಡುವುದಿಲ್ಲ, ಮಾಡಲೇಬೇಕು. ಫೋಲ್ಡರ್‌ನ ಒಂದು ನಕಲು ತೆಗೆಯಿರಿ. ನೆನಪಿರಲಿ, ನಕಲು! ಹೆಕ್ಸ್ ಎಡಿಟರ್‌ನಲ್ಲಿ ಒಂದು ಫೈಲ್ ತೆರೆದು ನಡುವೆ ಒಂದು ಬೈಟ್ ಬದಲಿಸಿ ಉಳಿಸಿ. ತೆರೆದು ನೋಡಿ, ಎಷ್ಟು ದೂರ ಹಬ್ಬಿದೆ? ಜೆಪೆಗ್ ಆಗಿದ್ದರೆ ಅಲ್ಲಿಂದ ಕೆಳಗೆ ಬಣ್ಣ ಬದಲಾಗಿ, ಚಿತ್ರ ಪಕ್ಕಕ್ಕೆ ಸರಿದಿರುವುದು ಕಾಣಬಹುದು. ಈಗ ಮಲ್ಟಿಪಾರ್‌ನಲ್ಲಿ ಪಾರ್2 ಫೈಲ್ ತೆರೆದು ವೆರಿಫೈ ಮಾಡಿ, ಆಮೇಲೆ ರಿಪೇರಿ ಒತ್ತಿ. ಕೊನೆಗೆ ಎಸ್‌ಎಚ್‌ಎ-256 ಮೂಲದ ಜೊತೆ ತಾಳೆ ನೋಡಿ.

ಮತ್ತೊಂದು ಸಲ, ಬೈಟ್ ಬದಲಿಸುವ ಬದಲು ಅಳಿಸಿ ನೋಡಿ. ಎರಡರ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಆಮೇಲೆ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಎರಡೂ ಡ್ರೈವ್ ಹಾಕಿ ವೆರಿಫೈ ಮಾಡಿ. ಪೆನ್‌ಡ್ರೈವನ್ನು ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ, ತಗಡಿನ ಶೆಡ್‌ನಲ್ಲಿ ಬಿಡಬೇಡಿ. ಫ್ಲ್ಯಾಶ್ ಚಿಪ್‌ನಲ್ಲಿ ಡೇಟಾ ನಿಂತಿರುವುದು ಹಿಡಿದಿಟ್ಟ ವಿದ್ಯುತ್ತಿನ ಮೇಲೆ, ಬಿಸಿ ಹೆಚ್ಚಾದಷ್ಟೂ ಅದು ಬೇಗ ಸೋರುತ್ತದೆ.

ವೆರಿಫೈ ಮಾಡುವ ಮುಂಚೆ ಸಿಂಕ್ ಒತ್ತಬೇಡಿ. ಸಿಂಕ್ ತಂತ್ರಾಂಶಕ್ಕೆ ಯಾವುದು ಹೊಸದು ಅಂತ ಗೊತ್ತು, ಯಾವುದು ಸರಿ ಅಂತ ಗೊತ್ತಿಲ್ಲ. ಕೆಟ್ಟ ಫೈಲನ್ನು ಒಳ್ಳೆಯದರ ಮೇಲೆ ಬರೆದುಬಿಡಬಹುದು. ಒಂದು ಡ್ರೈವ್‌ನಲ್ಲಿ ತಾಳೆಯಾಗದಿದ್ದರೆ ಇನ್ನೊಂದನ್ನು ಮೊದಲು ತೆಗೆದು ಪಕ್ಕಕ್ಕಿಡಿ. ಆಮೇಲೆ ಕೆಟ್ಟದ್ದನ್ನು ಪಾರ್2ನಿಂದ ರಿಪೇರಿ ಮಾಡಿ, ಎಸ್‌ಎಚ್‌ಎ ಸರಿ ಬಂದ ಮೇಲಷ್ಟೇ ಎರಡನ್ನೂ ಒಟ್ಟಿಗೆ ಹಾಕಿ.